ಸಿಲ್ವರ್ ಓಕ್ ಮರದಿಂದ ಐದು ವ್ಯಾಟ್

(ಮಡಿಕೇರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಊರಿನವರು ಮತ್ತು ಕಾಲೇಜು ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ವಸ್ತು ಇಟ್ಟಿದ್ದೇನೆ. ಊಟದ ಡಬ್ಬಿಯಷ್ಟು ದೊಡ್ಡ ಒಂದು ರೇಡಿಯೊ. ಕಂಪ್ಯೂಟರ್ ಯುಪಿಎಸ್‌ನಲ್ಲಿ ಇರುತ್ತದಲ್ಲ, ಅಂಥದ್ದೇ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಮತ್ತೆ ಒಂದು ಸುರುಳಿ ತಂತಿ. ಮೂರನ್ನೂ ಒಂದೇ ಕೈಚೀಲದಲ್ಲಿ ತಂದೆ. ಕಳೆದ ನವೆಂಬರ್ ಕೊನೆಯ ಶನಿವಾರ, ಭಾನುವಾರ ನಮ್ಮ ತೋಟದ ಮನೆಯ ಜಗಲಿಯಲ್ಲಿ ಕೂತು ಇದೇ ಚೀಲದ ಸಾಮಾನಿನಿಂದ ಜಪಾನಿನವರ ಜೊತೆ, ಜರ್ಮನಿಯವರ ಜೊತೆ, ಇಟಲಿಯವರ ಜೊತೆ ಸಂಪರ್ಕ ಮಾಡಿದೆ. ರೇಡಿಯೊದಿಂದ ತಂತಿಗೆ ಹೋದ ಶಕ್ತಿ 5 ವ್ಯಾಟ್. ನಿಮ್ಮ ನಡುಮನೆಯಲ್ಲಿ ಉರಿಯುವ ಎಲ್‌ಇಡಿ ಬಲ್ಬ್ 9 ವ್ಯಾಟ್.

ಇಲ್ಲಿಂದ ಜರ್ಮನಿಗೆ ನೇರ ದಾರಿಯಲ್ಲಿ ಸುಮಾರು 7,000 ಕಿಲೋಮೀಟರ್. ಮಧ್ಯದಲ್ಲಿ ಉಪಗ್ರಹ ಇಲ್ಲ, ಟವರ್ ಇಲ್ಲ, ಇಂಟರ್ನೆಟ್ ಇಲ್ಲ. ನಮ್ಮ ತಂತಿಯಿಂದ ಹೊರಟ ಅಲೆ ನೆಲದಿಂದ 200, 300 ಕಿಲೋಮೀಟರ್ ಮೇಲಿರುವ ಅಯಾನುಗೋಳಕ್ಕೆ, ಅಂದರೆ ಬಿಸಿಲಿನಿಂದ ವಿದ್ಯುದಾವೇಶ ಪಡೆದ ಗಾಳಿಯ ಪದರಕ್ಕೆ, ತಾಗುತ್ತದೆ, ಬಾಗಿ ಕೆಳಗೆ ಬರುತ್ತದೆ. ನೆಲಕ್ಕೋ ಕಡಲಿಗೋ ಬಡಿದು ಮತ್ತೆ ಮೇಲೆ ಹೋಗುತ್ತದೆ. ಹೀಗೆ ಎರಡು ಮೂರು ನೆಗೆತದಲ್ಲಿ ಯುರೋಪ್ ಮುಟ್ಟುತ್ತದೆ. ಇಷ್ಟು ವರ್ಷ ಆದರೂ ಇದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಹ್ಯಾಮ್ ರೇಡಿಯೊ ಅಂದರೆ ಏನು ಅಂತ ಜಾಸ್ತಿ ಹೇಳುವುದಿಲ್ಲ, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಹವ್ಯಾಸಕ್ಕಾಗಿ ರೇಡಿಯೊ ನಡೆಸುವುದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಮಕ್ಕಳೂ ಪರೀಕ್ಷೆಗೆ ಕೂರಬಹುದು. ಪಾಸಾದರೆ ಒಂದು ಕರೆ ಹೆಸರು, ಅಂದರೆ ಕಾಲ್ ಸೈನ್, ಸಿಗುತ್ತದೆ. ಭಾರತದವರ ಕರೆ ಹೆಸರು ಹೆಚ್ಚಾಗಿ ವಿಯು ಅಂತ ಶುರುವಾಗುತ್ತದೆ. ಕೊಡಗಿನಲ್ಲಿ ಮನೆತನದ ಹೆಸರು ಕೇಳಿದ ಕೂಡಲೇ ಯಾವ ಊರಿನವರು, ಯಾವ ಐನ್‌ಮನೆಯವರು ಅಂತ ಹಿರಿಯರು ಹೇಳಿಬಿಡುತ್ತಾರೆ. ಕರೆ ಹೆಸರೂ ಹಾಗೇ. ಕೇಳಿದ ಕೂಡಲೇ ಯಾವ ದೇಶ ಅಂತ ತಿಳಿಯುತ್ತದೆ.

ನಾನು ಮಾತಾಡಬೇಕು ಅಂತ ಬಂದಿರುವುದು ಕ್ಯೂಆರ್‌ಪಿ ಬಗ್ಗೆ. ತಂತಿ ಸಂದೇಶದ ಕಾಲದಿಂದ ಬಂದ ಮೂರಕ್ಷರದ ಸಂಕೇತಗಳಲ್ಲಿ ಇದೂ ಒಂದು. 'ಶಕ್ತಿ ಕಡಿಮೆ ಮಾಡಿ' ಅಂತ ಅದರ ಅರ್ಥ. ಈಗ ಹ್ಯಾಮ್‌ಗಳು 5 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ನಡೆಸುವುದಕ್ಕೆ ಆ ಹೆಸರು ಇಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಹ್ಯಾಮ್ ರೇಡಿಯೊ 100 ವ್ಯಾಟಿನದು. ದೊಡ್ಡ ಸ್ಟೇಷನ್‌ಗಳಲ್ಲಿ ಸಾವಿರ, ಒಂದೂವರೆ ಸಾವಿರ ವ್ಯಾಟ್ ಇರುತ್ತದೆ. ಅಂಥವರೆಲ್ಲ ಒಟ್ಟಿಗೆ ಕೂಗುವ ಸ್ಪರ್ಧೆಯಲ್ಲಿ 5 ವ್ಯಾಟ್ ಇಟ್ಟುಕೊಂಡು ಹೋಗಿ ಏನು ಮಾಡ್ತೀಯ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ.

ಉತ್ತರ ಒಂದು ಲೆಕ್ಕದಲ್ಲಿದೆ. ದಯವಿಟ್ಟು ಇದನ್ನು ಮನಸ್ಸಿಟ್ಟು ಕೇಳಿ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

100 ವ್ಯಾಟ್ ಅಂದರೆ 5 ವ್ಯಾಟಿನ 20 ಪಟ್ಟು. ಆದರೆ ಕೇಳುವವರ ರೇಡಿಯೊದಲ್ಲಿ ಅದು 20 ಪಟ್ಟು ಜೋರಾಗಿ ಕೇಳುವುದಿಲ್ಲ. ರೇಡಿಯೊದಲ್ಲಿ ಸಿಗ್ನಲ್ ಅಳೆಯುವ ಮುಳ್ಳು ಇರುತ್ತದೆ, ಒಂದರಿಂದ ಒಂಬತ್ತರವರೆಗೆ ಗುರುತು ಹಾಕಿರುತ್ತಾರೆ. ಅದರಲ್ಲಿ ಒಂದು ಗುರುತು ಅಂದರೆ 6 ಡೆಸಿಬೆಲ್, ಶಕ್ತಿಯಲ್ಲಿ ನಾಲ್ಕು ಪಟ್ಟು. 20 ಪಟ್ಟು ಅಂದರೆ 13 ಡೆಸಿಬೆಲ್. ಅಂದರೆ 100ರಿಂದ 5ಕ್ಕೆ ಇಳಿದರೆ ಮುಳ್ಳು ಎರಡು ಗುರುತು ಮಾತ್ರ ಇಳಿಯುತ್ತದೆ. ಏಳರಲ್ಲಿ ಕೇಳುತ್ತಿದ್ದವನು ಐದರಲ್ಲಿ ಕೇಳುತ್ತಾನೆ. ಐದರಲ್ಲಿ ಕೇಳುವ ಮೋರ್ಸ್, ಅಂದರೆ ಚುಕ್ಕೆ, ಗೆರೆಯ ಸದ್ದಿನ ಸಂಕೇತ, ಆರಾಮಾಗಿ ಕೇಳುತ್ತದೆ. 1,500 ವ್ಯಾಟಿಗೆ ಹೋಲಿಸಿದರೂ ವ್ಯತ್ಯಾಸ ನಾಲ್ಕು ಗುರುತು.

ಈಗ ಇನ್ನೊಂದು ಕಡೆ ನೋಡಿ. ತಂತಿಯನ್ನು ಹಂಚಿನ ಮಾಡಿಗೆ ತಾಗಿಸಿ ಕಟ್ಟುವುದಕ್ಕೂ, ಎತ್ತರದ ಮರಕ್ಕೆ ಕಟ್ಟುವುದಕ್ಕೂ ದೂರದ ಸಂಪರ್ಕದಲ್ಲಿ ಎರಡು ಗುರುತಿನಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ತಪ್ಪು ಹೊತ್ತಿನಲ್ಲಿ ಕೂಗಿದರಂತೂ ಸಾವಿರ ವ್ಯಾಟ್ ಇದ್ದರೂ ಕೇಳಿಸುವುದಿಲ್ಲ, ದಾರಿಯೇ ತೆರೆದಿರುವುದಿಲ್ಲ. ಹಾಗಾಗಿ ನನ್ನ ಅನುಭವದಲ್ಲಿ ವ್ಯಾಟ್ ಕೊನೆಯ ವಿಷಯ. ಮೊದಲು ಮರ, ಆಮೇಲೆ ಹೊತ್ತು, ಆಮೇಲೆ ಕಿವಿ.

ಮರ ಅಂದೆ. ಇದರಲ್ಲಿ ನಾವು ಕೊಡಗಿನವರು ನಿಜಕ್ಕೂ ಪುಣ್ಯ ಮಾಡಿದ್ದೇವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಹ್ಯಾಮ್ ಗೆಳೆಯರು ಒಂದು ತಂತಿ ಕಟ್ಟಲು ಸಂಘದವರನ್ನು, ಪಕ್ಕದ ಮನೆಯವರನ್ನು ಕೇಳಬೇಕು. ನಮಗೆ ಕಾಫಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಸಾಲುಸಾಲಾಗಿ ನಿಂತಿದೆ. ನೆಟ್ಟಗೆ ಇಪ್ಪತ್ತು ಮೀಟರ್ ಬೆಳೆದ ಮರಗಳು. ನಾನು ಮಾಡುವುದು ಇಷ್ಟೇ. ಕ್ಯಾಟರ್‌ಬಿಲ್ಲಿನಿಂದ ಮೀನು ಹಿಡಿಯುವ ದಾರಕ್ಕೆ ಸೀಸದ ಗುಂಡು ಕಟ್ಟಿ, ಒಳ್ಳೆ ಕೊಂಬೆಯ ಮೇಲಿಂದ ದಾಟಿಸುತ್ತೇನೆ. ಆ ದಾರದಿಂದ ಗಟ್ಟಿ ಹಗ್ಗ ಎಳೆದು, ಹಗ್ಗದಿಂದ ತಂತಿ ಏರಿಸುತ್ತೇನೆ. ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಬೇಕು. ಮನೆಯಲ್ಲಿ ಇದೊಂದೇ ಷರತ್ತು.

ತಂತಿಯ ಅಳತೆಗೂ ಒಂದು ಸುಲಭ ಲೆಕ್ಕ ಇದೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಬಂದದ್ದು ಮೀಟರಿನಲ್ಲಿ ತಂತಿಯ ಉದ್ದ. 14 ಮೆಗಾಹರ್ಟ್ಸ್‌ಗೆ ಹತ್ತು ಮೀಟರ್ ಚಿಲ್ಲರೆ. 21ಕ್ಕೆ ಆರು ಮುಕ್ಕಾಲು ಮೀಟರ್. ನಡುವೆ ಕತ್ತರಿಸಿ, ಎರಡು ತುಂಡಿನ ಮಧ್ಯೆ ಕೇಬಲ್ ಜೋಡಿಸಿದರೆ ಡೈಪೋಲ್ ಅನ್ನುವ ಆಂಟೆನಾ ಆಯಿತು. ಮಾಮೂಲಿ ವೈರಿಂಗ್ ತಂತಿ ಸಾಕು.

ಗುಡ್ಡವೂ ನಮ್ಮ ಕೈಹಿಡಿಯುತ್ತದೆ, ಕೆಲವು ಸಲ ಅಡ್ಡವೂ ಬರುತ್ತದೆ. ದೂರ ಹೋಗಬೇಕಾದ ಅಲೆ ನೆಲಕ್ಕೆ ಹತ್ತಿರದ ಕೋನದಲ್ಲಿ ಹೊರಡಬೇಕು. ತಂತಿಯ ಮುಂದೆ ನೆಲ ಇಳಿಜಾರಾಗಿದ್ದರೆ ಅಲೆ ಸಹಜವಾಗಿ ತಗ್ಗಿ ಹೊರಡುತ್ತದೆ. ಯುರೋಪ್ ನಮಗೆ ವಾಯವ್ಯದಲ್ಲಿದೆ. ಜಪಾನ್ ಈಶಾನ್ಯದಲ್ಲಿ. ಪಶ್ಚಿಮಕ್ಕೂ ವಾಯವ್ಯಕ್ಕೂ ಇಳಿಜಾರು ಇರುವ ಮನೆಯವರು ಇಲ್ಲಿ ಯಾರಾದರೂ ಇದ್ದರೆ, ಅಂಥ ಜಾಗಕ್ಕೆ ಹ್ಯಾಮ್‌ಗಳು ಎಷ್ಟು ಆಸೆಪಡುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಕಣಿವೆಯ ತಳದಲ್ಲಿ ಮನೆ ಇದ್ದು, ಎದುರಿಗೇ ಬೆಟ್ಟ ನಿಂತಿದ್ದರೆ ಆ ದಿಕ್ಕು ಕಷ್ಟ. ನಮ್ಮ ಮನೆಗೆ ಈಶಾನ್ಯದಲ್ಲಿ ಒಂದು ಗುಡ್ಡ ಇದೆ. ಜಪಾನ್ ನನಗೆ ಸಿಗುವುದು ಬೆಳಗ್ಗೆ ಸ್ವಲ್ಪ ತಡವಾಗಿಯೇ. ಆ ಗುಡ್ಡವೇ ಕಾರಣ ಅಂತ ನಾನು ನಂಬಿದ್ದೇನೆ.

ಇನ್ನೊಂದು ಅನುಕೂಲ ಹೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ನಮ್ಮಲ್ಲಿ ಕರೆಂಟ್ ಹೋಗುತ್ತದಲ್ಲ? ಗಾಳಿ ಬಂತು, ಕೊಂಬೆ ಬಿತ್ತು, ಕರೆಂಟ್ ಹೋಯಿತು. ಊರೆಲ್ಲ ಕತ್ತಲು. ಆಗ ನನ್ನ ರೇಡಿಯೊದಲ್ಲಿ ಬೆಳಕು ಹರಿದ ಹಾಗೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್, ಟಿವಿ ಇವೆಲ್ಲ ಸದ್ದಿಲ್ಲದೆ ರೇಡಿಯೊ ಗದ್ದಲ ಹರಡುತ್ತಿರುತ್ತವೆ. ಅದು ನಿಂತ ಕೂಡಲೇ ಗದ್ದಲದ ಅಡಿಯಲ್ಲಿ ಹೂತುಹೋಗಿದ್ದ ಸಣ್ಣ ಸಣ್ಣ ಸಿಗ್ನಲ್‌ಗಳು ಒಂದೊಂದಾಗಿ ಮೇಲೆ ಬರುತ್ತವೆ. 100 ವ್ಯಾಟಿನ ರೇಡಿಯೊಗೆ 20 ಆಂಪಿಯರ್ ಬೇಕು, ದೊಡ್ಡ ಬ್ಯಾಟರಿ ಬೇಕು. ನನ್ನದು ಕಳಿಸುವಾಗ ಸುಮಾರು ಒಂದು ಆಂಪಿಯರ್, ಕೇಳುವಾಗ ಅದರ ಕಾಲು ಭಾಗವೋ ಏನೋ. ಈ ಸಣ್ಣ ಬ್ಯಾಟರಿಯಲ್ಲಿ ಹೆಚ್ಚು ಕಡಿಮೆ ಒಂದು ಹಗಲು ಕಳೆಯಬಹುದು.

ನಮ್ಮದೇ ಆದ ಒಂದು ತೊಂದರೆಯೂ ಇದೆ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ಅದರ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಒಂದು ಹೊಡೆತ ಕೊಡುತ್ತದೆ. ಬೇಲಿ ತಂತಿಗೆ ಹುಲ್ಲೋ ಕೊಂಬೆಯೋ ತಾಗಿದ್ದರೆ, ಇನ್ಸುಲೇಟರ್ ಒಡೆದಿದ್ದರೆ, ಅಲ್ಲಿ ಕಿಡಿ ಹಾರಿ ರೇಡಿಯೊದಲ್ಲಿ ಟಿಕ್, ಟಿಕ್, ಟಿಕ್ ಅಂತ ಕೇಳುತ್ತಲೇ ಇರುತ್ತದೆ. ಬೇಲಿ ಆರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆನೆ ಬಂದರೆ ಏನಾಗುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಾನು ಮಾಡಿದ್ದು ಬೇರೆ. ಸಣ್ಣ ರೇಡಿಯೊ ಹಿಡಿದು ಬೇಲಿಯ ಉದ್ದಕ್ಕೂ ನಡೆದೆ. ಟಿಕ್ ಜೋರಾದ ಕಡೆ ನಿಂತು ನೋಡಿದರೆ ಒಂದು ಇನ್ಸುಲೇಟರ್ ಸೀಳಿತ್ತು. ಪಕ್ಕದ ತೋಟದ ಅಣ್ಣನಿಗೆ ತೋರಿಸಿದೆ. ಅವರಿಗೂ ಖುಷಿ, ಬೇಲಿಯ ಶಕ್ತಿ ಅಲ್ಲೇ ಸೋರಿಹೋಗುತ್ತಿತ್ತು. ಈಗ ಮಳೆಗಾಲ ಮುಗಿದ ಮೇಲೆ ಅವರೇ ಕರೆಯುತ್ತಾರೆ, "ಬನ್ನಿ, ಒಂದು ಸುತ್ತು ಕೇಳಿ ನೋಡೋಣ" ಅಂತ.

ಈಗ ಸ್ಪರ್ಧೆಯ ವಿಷಯಕ್ಕೆ ಬರುತ್ತೇನೆ.

ಹ್ಯಾಮ್ ಸ್ಪರ್ಧೆ ಅಂದರೆ ಗೊತ್ತುಪಡಿಸಿದ ಅವಧಿಯಲ್ಲಿ ಎಷ್ಟು ಹೆಚ್ಚು ಜನರ ಜೊತೆ, ಎಷ್ಟು ಹೆಚ್ಚು ದೇಶಗಳ ಜೊತೆ ಸಂಪರ್ಕ ಮಾಡುತ್ತೀರಿ ಅನ್ನುವುದು. ದೊಡ್ಡದು ಸಿಕ್ಯೂ ವರ್ಲ್ಡ್‌ವೈಡ್. ಅಕ್ಟೋಬರ್ ಕೊನೆಯ ವಾರಾಂತ್ಯ ಮಾತಿನಲ್ಲಿ, ನವೆಂಬರ್ ಕೊನೆಯ ವಾರಾಂತ್ಯ ಮೋರ್ಸ್‌ನಲ್ಲಿ. ಪೂರ್ತಿ 48 ಗಂಟೆ. ವಿಶ್ವ ಸಮಯದ ಪ್ರಕಾರ ಶನಿವಾರ ಸೊನ್ನೆ ಗಂಟೆಗೆ ಶುರು. ನಮಗೆ ಅದು ಶನಿವಾರ ಬೆಳಗಿನ ಜಾವ ಐದೂವರೆ. ಮಾರ್ಚ್‌ನಲ್ಲಿ, ಮೇ ತಿಂಗಳಲ್ಲಿ ಡಬ್ಲ್ಯುಪಿಎಕ್ಸ್ ಇದೆ. ಜುಲೈನಲ್ಲಿ 24 ಗಂಟೆಯ ಐಎಆರ್‌ಯು ಸ್ಪರ್ಧೆ. ನನಗೆ ತುಂಬ ಇಷ್ಟವಾದದ್ದು ಜಪಾನಿನವರು ನಡೆಸುವ ಆಲ್ ಏಷ್ಯನ್. ಜೂನ್‌ನಲ್ಲಿ ಮೋರ್ಸ್, ಸೆಪ್ಟೆಂಬರ್‌ನಲ್ಲಿ ಮಾತು. ಅದರಲ್ಲಿ ಸಿಗ್ನಲ್ ಎಷ್ಟು ಚೆನ್ನಾಗಿ ಕೇಳಿತು ಅನ್ನುವ ವರದಿಯ ಜೊತೆ ನಿಮ್ಮ ವಯಸ್ಸು ಹೇಳಬೇಕು. 78 ಅಂತ ಒಬ್ಬರು ಹೇಳುತ್ತಾರೆ, 81 ಅಂತ ಇನ್ನೊಬ್ಬರು. ಆ ವಯಸ್ಸಿನಲ್ಲಿ ಎಂಥ ಚೊಕ್ಕ ಮೋರ್ಸ್! ಕೇಳಿದಾಗ ಕೈಮುಗಿಯಬೇಕು ಅನಿಸುತ್ತದೆ.

ಈ ಸ್ಪರ್ಧೆಗಳಲ್ಲಿ ಕ್ಯೂಆರ್‌ಪಿಗೆ ಬೇರೆ ವಿಭಾಗ ಇರುತ್ತದೆ. 5 ವ್ಯಾಟಿನವರು 5 ವ್ಯಾಟಿನವರ ಜೊತೆಗೇ ಸ್ಪರ್ಧಿಸುತ್ತಾರೆ. ಸಾವಿರ ವ್ಯಾಟಿನವರು ನಿಮ್ಮ ಎದುರಾಳಿ ಅಲ್ಲ. ಅವರು ನಿಮಗೆ ಅಂಕ ಕೊಡುವವರು. ಇದು ತಲೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ದೊಡ್ಡ ಸ್ಟೇಷನ್ ಅಂದರೆ ದೊಡ್ಡ ಆಂಟೆನಾ. ದೊಡ್ಡ ಆಂಟೆನಾ ಅಂದರೆ ದೊಡ್ಡ ಕಿವಿ. ನನ್ನ ಸಣ್ಣ ದನಿಯನ್ನು ಹಿಡಿಯುವುದು ಆ ಕಿವಿಯೇ.

ಅಂಕದ ಲೆಕ್ಕ ಹೇಗೆ? ಸಿಕ್ಯೂ ವರ್ಲ್ಡ್‌ವೈಡ್‌ನಲ್ಲಿ ಬೇರೆ ಖಂಡದವರು ಸಿಕ್ಕರೆ 3 ಅಂಕ. ನಮ್ಮದೇ ಏಷ್ಯಾದ ಬೇರೆ ದೇಶದವರಿಗೆ 1. ನಮ್ಮ ದೇಶದವರೇ ಸಿಕ್ಕರೆ ಸೊನ್ನೆ. ಜಗತ್ತನ್ನು 40 ವಲಯ ಮಾಡಿದ್ದಾರೆ, ನಮ್ಮದು 22. ಪ್ರತಿ ಬ್ಯಾಂಡಿನಲ್ಲಿ, ಅಂದರೆ ಹ್ಯಾಮ್‌ಗಳಿಗೆ ಬಿಟ್ಟ ಅಲೆಗಳ ಒಂದೊಂದು ಪಟ್ಟಿಯಲ್ಲಿ, ಸಿಕ್ಕ ಹೊಸ ದೇಶ, ಹೊಸ ವಲಯಗಳನ್ನು ಕೂಡಿಸಿ ಅದರಿಂದ ಅಂಕವನ್ನು ಗುಣಿಸುತ್ತಾರೆ. ಒಂದು ಉದಾಹರಣೆ. ನನ್ನ ಹತ್ತಿರ 200 ಅಂಕ ಇದೆ, ದೇಶ ಮತ್ತು ವಲಯ ಸೇರಿ 35 ಅಂತ ಇಟ್ಟುಕೊಳ್ಳಿ. ಮೊತ್ತ 7,000. ಈಗ ಈಗಾಗಲೇ ಸಿಕ್ಕಿರುವ ದೇಶದ ಇನ್ನೊಬ್ಬ ಯುರೋಪಿನವನು ಸಿಕ್ಕರೆ 203 ಗುಣಿಸು 35, ಮೊತ್ತ 7,105. ಅದೇ ಹೊಸ ದೇಶದವನು ಸಿಕ್ಕರೆ 203 ಗುಣಿಸು 36, ಅಂದರೆ 7,308. ಒಂದೇ ಸಂಪರ್ಕಕ್ಕೆ ಸುಮಾರು ಮೂರು ಪಟ್ಟು ಲಾಭ. ಗಂಟೆಗೆ ನೂರು ಜನರನ್ನು ಹಿಡಿಯಲು ನಮ್ಮಿಂದ ಆಗುವುದಿಲ್ಲ. ಆದರೆ ಹೊಸ ದೇಶ ಹುಡುಕಿಕೊಂಡು ಹೋಗಲು ಆಗುತ್ತದೆ. ಹಾಗಾಗಿ ಒಂದೇ ದೇಶದವರ ಹಿಂದೆ ಬೀಳಬೇಡಿ.

ಮತ್ತೊಂದು ಗುಟ್ಟು. ಅದೇ ಲೆಕ್ಕ ಆ ಕಡೆಯವರಿಗೂ ಇದೆ ಅಲ್ವಾ? ಭಾರತದಿಂದ ಸ್ಪರ್ಧೆಯಲ್ಲಿ ಕೂರುವವರು ಕಡಿಮೆ. ಜರ್ಮನಿಯವನಿಗೆ ಇನ್ನೊಬ್ಬ ಜರ್ಮನ್ ಸಿಕ್ಕರೆ ಅಂಕ ಸೊನ್ನೆ. ಭಾರತ ಸಿಕ್ಕರೆ ಹೊಸ ದೇಶ, ಹಲವು ಸಲ ಹೊಸ ವಲಯ ಕೂಡ. ಗದ್ದಲದ ನಡುವೆ 'ಡಿ ಡಿ ಡಿ ಡಾ, ಡಿ ಡಿ ಡಾ' ಅಂತ ವಿಯು ಅಕ್ಷರ ಕಿವಿಗೆ ಬಿದ್ದರೆ ಅವನು ಉಳಿದವರನ್ನೆಲ್ಲ ನಿಲ್ಲಿಸಿ 'ವಿಯು?' ಅಂತ ಕೇಳುತ್ತಾನೆ. ನನಗೆ ಹೀಗೆ ಎಷ್ಟೋ ಸಲ ಆಗಿದೆ. ಇಡೀ ಯುರೋಪ್ ಸುಮ್ಮನಾಗಿ ನಮ್ಮ ತೋಟದ ಕಡೆ ಕಿವಿಕೊಟ್ಟ ಹಾಗೆ. ಆ ಒಂದು ಕ್ಷಣಕ್ಕಾಗಿ ನಾನು ಇಡೀ ರಾತ್ರಿ ಎದ್ದಿರಲು ತಯಾರು.

ಆದರೆ ಆ ಕ್ಷಣ ಬರಬೇಕಾದರೆ ಕೂಗುವ ರೀತಿ ಗೊತ್ತಿರಬೇಕು. ಸ್ಪರ್ಧೆಯಲ್ಲಿ ಎರಡು ದಾರಿ. ಒಂದು, ಒಂದೇ ಜಾಗದಲ್ಲಿ ಕೂತು ಎಲ್ಲರನ್ನೂ ಕರೆಯುವುದು. ಇನ್ನೊಂದು, ಕರೆಯುತ್ತಿರುವವರನ್ನು ಹುಡುಕಿಕೊಂಡು ಹೋಗಿ ಉತ್ತರ ಕೊಡುವುದು. 5 ವ್ಯಾಟಿಗೆ ಎರಡನೆಯದೇ ದಾರಿ. ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವರನ್ನು ನೀವೆಲ್ಲ ನೋಡಿದ್ದೀರಿ. ಕೋವಿ ಎತ್ತಿದ ಕೂಡಲೇ ಯಾರೂ ಹೊಡೆಯುವುದಿಲ್ಲ. ಗಾಳಿಗೆ ಕಾಯಿ ತೂಗುತ್ತಿರುತ್ತದೆ. ಅದು ನಿಲ್ಲುವ ಗಳಿಗೆ ಕಾಯುತ್ತಾರೆ. ಉಸಿರು ಹಿಡಿದು ಒಂದೇ ಗುಂಡು. ಕ್ಯೂಆರ್‌ಪಿಯಲ್ಲಿ ಕೂಗುವುದೂ ಹಾಗೇ. ದೊಡ್ಡ ಸ್ಟೇಷನ್ ಕರೆದ ತಕ್ಷಣ ಐವತ್ತು ಜನ ಮುಗಿಬೀಳುತ್ತಾರೆ. ಆಗ ಸುಮ್ನೆ ಇರಿ. ಆ ಗದ್ದಲ ಇಳಿಯುವಾಗ ಒಂದು ಸಣ್ಣ ಖಾಲಿ ಬರುತ್ತದೆ. ಆ ಖಾಲಿಯಲ್ಲಿ ನಿಮ್ಮ ಕರೆ ಹೆಸರು, ಒಂದೇ ಸಲ. ಎಲ್ಲರೂ ಒಂದೇ ಸ್ವರದಲ್ಲಿ ಕೂಗುತ್ತಿದ್ದರೆ ನಾನು ಐವತ್ತು, ಅರವತ್ತು ಹರ್ಟ್ಸ್ ಆಚೆ ಸರಿಯುತ್ತೇನೆ. ಸ್ವರ ಸ್ವಲ್ಪ ಬೇರೆ ಆದರೆ ಕಿವಿ ಅದನ್ನು ಬೇರ್ಪಡಿಸಿ ಹಿಡಿಯುತ್ತದೆ.

ಮೂರು ಸಲ ಕೂಗಿ ಸಿಗದಿದ್ದರೆ ಅವನ ಜಾಗ ಬರೆದಿಟ್ಟು ಮುಂದೆ ಹೋಗಿ. ಹಟ ಹಿಡಿಯಬೇಡಿ. ಮೊದಲ ವರ್ಷ ಒಬ್ಬನ ಹಿಂದೆ ನಲವತ್ತು ನಿಮಿಷ ಕೂತೆ. ಅವನು ಸಿಗಲಿಲ್ಲ, ಅಷ್ಟರಲ್ಲಿ ಬ್ಯಾಂಡ್ ಮುಚ್ಚಿತು. ಅದೇ ಜನ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲರನ್ನೂ ಮಾತಾಡಿಸಿ ಮುಗಿಸಿ, ಹೊಸಬರು ಯಾರೂ ಸಿಗದೆ ಖಾಲಿ ಕರೆಯುತ್ತಿರುತ್ತಾರೆ. ಆಗ ಎಷ್ಟು ಸಣ್ಣ ಸಿಗ್ನಲ್ ಬಂದರೂ ತಾಳ್ಮೆಯಿಂದ ಅಗೆದು ತೆಗೆಯುತ್ತಾರೆ. ಶನಿವಾರ ಸಿಗದವರು ಭಾನುವಾರ ಸಿಗುತ್ತಾರೆ. ಕ್ಯೂಆರ್‌ಪಿಯವರಿಗೆ ಭಾನುವಾರವೇ ಹಬ್ಬ.

ಹೊತ್ತಿನ ವಿಷಯ. ಮಡಿಕೇರಿಯ ಬೆಳಗಿನ ಐದೂವರೆ ಇನ್ನೂ ಕತ್ತಲು, ಚಳಿ, ಮಂಜು. ಆಗ 40 ಮೀಟರ್ ಬ್ಯಾಂಡಿನಲ್ಲಿ ಪಶ್ಚಿಮದ ದೇಶಗಳು ಕೇಳುತ್ತವೆ. (ಬ್ಯಾಂಡಿಗೆ ಅಲೆಯ ಉದ್ದದ ಹೆಸರು; ಮೀಟರ್ ಕಡಿಮೆಯಾದಷ್ಟೂ ಬ್ಯಾಂಡ್ ಮೇಲಿನದು.) ಸೂರ್ಯ ಏರಿದ ಹಾಗೆ ಅದು ಮಸುಕಾಗುತ್ತದೆ. ಹಗಲಿನಲ್ಲಿ ಮೇಲೆ ಡಿ ಪದರ ಅಂತ ಒಂದು ಹುಟ್ಟುತ್ತದೆ, ಕೆಳಗಿನ ಬ್ಯಾಂಡುಗಳನ್ನು ಅದು ನುಂಗುತ್ತದೆ. ಆಗ 15 ಮೀಟರ್, 10 ಮೀಟರ್‌ಗೆ ಹೋಗಬೇಕು. ಬೆಳಗ್ಗೆ ಜಪಾನ್, ಮಧ್ಯಾಹ್ನದಿಂದ ಯುರೋಪ್. ಸಂಜೆ 20 ಮೀಟರ್. ಈ ಮೇಲಿನ ಬ್ಯಾಂಡುಗಳು ಸೂರ್ಯನ ಕಲೆಗಳನ್ನು ನಂಬಿಕೊಂಡಿವೆ. ಸುಮಾರು 11 ವರ್ಷದ ಏರಿಳಿತ ಅದು. ಈಗ ನಡೆಯುತ್ತಿರುವುದು 25ನೇ ಚಕ್ರ, ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಸೂರ್ಯ ಗರಿಷ್ಠದ ಹಂತ ಮುಟ್ಟಿದ್ದಾನೆ ಅಂತ ಘೋಷಿಸಿದರು. ಅಂಥ ವರ್ಷಗಳಲ್ಲಿ 10 ಮೀಟರ್ ತೆರೆದರೆ 5 ವ್ಯಾಟ್ ಏನು, ಅರ್ಧ ವ್ಯಾಟೂ ದೂರ ಹೋಗುತ್ತದೆ.

ಕೆಲವು ವರ್ಷ ನವೆಂಬರ್ ಸ್ಪರ್ಧೆಯ ಹತ್ತಿರಕ್ಕೇ ಹುತ್ತರಿ ಬರುತ್ತದೆ. ಆಗ ನಾನು ರೇಡಿಯೊ ಆರಿಸಿ ಗದ್ದೆಗೆ ಹೋಗುತ್ತೇನೆ. ಕದಿರು ಮನೆಗೆ ಬರುವ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿ ಕೂರುವುದು ನನ್ನಿಂದ ಆಗದು.

ನನಗೆ ಮೋರ್ಸ್ ಕಲಿಸಿದ್ದು ನಮ್ಮ ಸೋದರಮಾವ. ಸೇನೆಯ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾಗಿ ಬಂದವರು. ಕೊಡಗಿನಲ್ಲಿ ಸೇನೆಯಿಂದ ಬಂದವರು ಇಲ್ಲದ ಬೀದಿ ಇಲ್ಲ. ಅವರಲ್ಲಿ ಮೋರ್ಸ್ ಬಲ್ಲವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ, ಕೂತು ಕಲಿಯಿರಿ ಅಂತ ಮಕ್ಕಳಿಗೆ ಕೇಳಿಕೊಳ್ಳುತ್ತೇನೆ. ನಾನು ಕಾಗದದ ಮೇಲೆ ಚುಕ್ಕೆ, ಗೆರೆ ಬರೆದು ಬಾಯಿಪಾಠ ಮಾಡುತ್ತಿದ್ದೆ. ಮಾವ ಕಾಗದ ತೆಗೆದು ಪಕ್ಕಕ್ಕಿಟ್ಟರು. "ಎಣಿಸಬೇಡ ಮಗಾ. ಕೇಳು. ಹಕ್ಕಿ ಕೂಗು ಎಣಿಸ್ತೀಯಾ? ಕೇಳಿದ ಕೂಡಲೇ ಯಾವ ಹಕ್ಕಿ ಅಂತ ಗೊತ್ತಾಗುತ್ತಲ್ಲ, ಹಾಗೆ" ಅಂದರು. ಆಮೇಲೆ ನಾನು ಎಣಿಸಲಿಲ್ಲ.

ಸ್ಪರ್ಧೆಯ ಮೋರ್ಸ್‌ಗೆ ಹೆದರಬೇಡಿ. ಅಲ್ಲಿ ಬರುವುದು ಕರೆ ಹೆಸರು, ಒಂದು ವರದಿ, ಒಂದು ಸಂಖ್ಯೆ. ವರದಿಯಂತೂ ಯಾವಾಗಲೂ 599 ಒಂದೇ. ಬೇಗ ಆಗಲಿ ಅಂತ ಒಂಬತ್ತರ ಬದಲು ಎನ್ ಅಕ್ಷರ ಹೊಡೆಯುತ್ತಾರೆ. ಮೋರ್ಸ್ ಕಡಿಮೆ ಶಕ್ತಿಗೆ ಹೇಳಿಮಾಡಿಸಿದ ಹಾಗಿದೆ. ಮಾತಿಗೆ ಎರಡು ಸಾವಿರದ ನಾನೂರು ಹರ್ಟ್ಸ್‌ನಷ್ಟು ಅಗಲ ಬೇಕು. ಮೋರ್ಸ್‌ಗೆ ನೂರು, ನೂರೈವತ್ತು ಸಾಕು. ಅದೇ 5 ವ್ಯಾಟ್ ಚೂಪಾಗಿ ಒಂದೇ ಕಡೆ ಚುಚ್ಚುತ್ತದೆ.

ಒಂದು ತಪ್ಪು ಹೇಳಬೇಕು, ನಿಮಗೆ ಆಗಬಾರದು ಅಂತ. ನನ್ನ ಮೊದಲ ಸ್ಪರ್ಧೆಯ ದಾಖಲೆಯನ್ನೆಲ್ಲ ನಮ್ಮ ಗಡಿಯಾರದ ಸಮಯದಲ್ಲಿ ಬರೆದೆ. ಬರೆಯಬೇಕಾದದ್ದು ವಿಶ್ವ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಸ್ಪರ್ಧೆ ಮುಗಿದ ಮೇಲೆ ಎಲ್ಲರೂ ತಮ್ಮ ದಾಖಲೆ ಕಳಿಸುತ್ತಾರೆ. ಕಂಪ್ಯೂಟರ್ ನಿಮ್ಮದನ್ನು ಅವರದರ ಪಕ್ಕಕ್ಕಿಟ್ಟು ಹೊಂದಿಸುತ್ತದೆ. ಸಮಯ ಹೊಂದದಿದ್ದರೆ, ಕರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ಆ ಸಂಪರ್ಕ ಹೋಯಿತು. ಮೇಲೆ ದಂಡವೂ ಬೀಳುತ್ತದೆ. ಸೋಮವಾರ ಬೆಳಗ್ಗೆ ಕಳಿಸುವ ಮುಂಚೆ ಕಣ್ಣಿಗೆ ಬಿತ್ತು. ಒಂದೊಂದಾಗಿ ತಿದ್ದಿದೆ, ಮಧ್ಯಾಹ್ನ ದಾಟಿತು. ಅಂದಿನಿಂದ ವಿಶ್ವ ಸಮಯಕ್ಕೆ ಇಟ್ಟ ಒಂದು ಗಡಿಯಾರ ರೇಡಿಯೊದ ಮೇಲೇ ಕೂತಿದೆ.

ಮತ್ತೊಂದು. 5 ವ್ಯಾಟ್ ಅಂದರೆ 5 ವ್ಯಾಟ್. ಯಾರೂ ಬಂದು ಅಳೆಯುವುದಿಲ್ಲ ಅಂತ ಗುಂಡಿ ತಿರುಗಿಸಬಾರದು. ಶುರುವಿಗೆ ಮೀಟರ್ ಇಟ್ಟು ನೋಡಿ, ಐದಕ್ಕೆ ನಿಲ್ಲಿಸಿ, ಮತ್ತೆ ಮುಟ್ಟಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಇಲ್ಲ.

ರೇಡಿಯೊಗೆ ಎಷ್ಟು ಖರ್ಚು ಅಂತ ಕೇಳುತ್ತೀರಿ. ಕ್ಯೂಆರ್‌ಪಿಯ ದೊಡ್ಡ ಗುಣ ಇದು, ರೇಡಿಯೊವನ್ನು ಕೈಯಾರೆ ಕಟ್ಟಬಹುದು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಬಿಟ್‌ಎಕ್ಸ್ ಅನ್ನುವ ವಿನ್ಯಾಸ ಮಾಡಿ ಜಗತ್ತಿಗೆ ಬಿಟ್ಟುಕೊಟ್ಟರು. ಮೊದಲ ವಿನ್ಯಾಸ 6 ವ್ಯಾಟಿನದು. ನಮ್ಮ ದೇಶದ ಸಾಮಾನ್ಯ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟುವ ಹಾಗೆ ಯೋಚಿಸಿದ್ದರು. ಸುರುಳಿ ಸುತ್ತಲು ನಲ್ಲಿಯ ವಾಷರ್ ಕೂಡ ಬಳಸಿದ್ದರು! ಇವತ್ತು ಬೇರೆ ಬೇರೆ ದೇಶದ ಹ್ಯಾಮ್‌ಗಳು ಅದನ್ನು ಕಟ್ಟುತ್ತಾರೆ. ನಮ್ಮ ದೇಶದ ಒಂದು ಯೋಚನೆ ಇಷ್ಟು ದೂರ ಹೋದದ್ದು ನನಗೆ ಹೆಮ್ಮೆಯ ವಿಷಯ.

2018ರ ಆಗಸ್ಟ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗುಡ್ಡ ಕುಸಿಯಿತು, ರಸ್ತೆ ಹೋಯಿತು, ಎಷ್ಟೋ ಕಡೆ ಕರೆಂಟೂ ಫೋನೂ ಇರಲಿಲ್ಲ. ನಮ್ಮವರು ಎಲ್ಲಿದ್ದಾರೆ ಅಂತ ತಿಳಿಯದೆ ಕಳೆದ ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಅಲೆ ಬೆಟ್ಟ ದಾಟುವುದಿಲ್ಲ. ಆದರೆ 40 ಮೀಟರ್ ಬ್ಯಾಂಡಿನ ತಂತಿಯನ್ನು ಬೇಕೆಂದೇ ತಗ್ಗಿನಲ್ಲಿ, ಮೂರು ನಾಲ್ಕು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ ಮಳೆಯ ಹಾಗೆ ಸುತ್ತಲೂ ಇಳಿಯುತ್ತದೆ. ಕಣಿವೆಯ ತಳದಿಂದಲೂ ಹಗಲಿನಲ್ಲಿ ಮೈಸೂರು, ಬೆಂಗಳೂರಿಗೆ ಸಂದೇಶ ಮುಟ್ಟಿಸಬಹುದು. ಅದಕ್ಕೆ ಬೇಕಾದದ್ದು ಈ ಚೀಲದಲ್ಲಿದೆ. ಗದ್ದಲದಲ್ಲಿ ಸಣ್ಣ ಸಿಗ್ನಲ್ ಹಿಡಿದು, ಒಂದು ಅಕ್ಷರವೂ ತಪ್ಪದೆ ಬರೆದುಕೊಳ್ಳುವ ಅಭ್ಯಾಸ ಮಾತ್ರ ಚೀಲದಲ್ಲಿ ಬರುವುದಿಲ್ಲ. ಅದು ನನಗೆ ಸ್ಪರ್ಧೆಗಳಿಂದ ಬಂತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹಿರಿಯರು ಸಿಡಿಲಿನ ಬಗ್ಗೆ ಕೇಳಿದರು. ಸರಿಯಾದ ಪ್ರಶ್ನೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಕೇಬಲ್ ಕಳಚಿ ಮನೆಯ ಹೊರಗೆ ಹಾಕಿ. ಸ್ಪರ್ಧೆ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಅಲ್ಲಿಗೇ ನಿಲ್ಲಿಸಿ. ಕರೆಂಟಿನ ಲೈನ್ ಹತ್ತಿರ ಎಂದೂ ತಂತಿ ಎಸೆಯಬೇಡಿ.

ಪಿಯುಸಿ ಓದುವ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ಪರವಾನಗಿ ಬರುವ ತನಕ ನಾವು ಏನು ಮಾಡುವುದು?" ಅಂತ ಕೇಳಿದಳು. ಕಳಿಸುವುದು ಸಾಧ್ಯವಿಲ್ಲ, ಅದು ಕಾನೂನು. ಆದರೆ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ರಿಸೀವರನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮೊಬೈಲಿನಲ್ಲೇ ಸ್ಪರ್ಧೆ ಕೇಳಬಹುದು. ಒಂದು ಗಂಟೆ ಕೇಳುತ್ತಾ ಎಷ್ಟು ಕರೆ ಹೆಸರು ಸರಿಯಾಗಿ ಬರೆಯಲು ಆಗುತ್ತದೆ ನೋಡು ಅಂದೆ.

ಅವಳಿಗೆ ಇನ್ನೊಂದು ಮಾತೂ ಹೇಳಿದೆ. ಹೊರಗಿನ ಮರಕ್ಕೆ ಬೆಳಗ್ಗೆಯೇ 15 ಮೀಟರ್ ಬ್ಯಾಂಡಿನ ತಂತಿ ಏರಿಸಿದ್ದೆ. ಅಲ್ಲಿಂದ ಕಳಿಸುವುದಿಲ್ಲ, ಕೇಳಲು ಅಂತ ಮಾತ್ರ. ಗಂಟೆ ಮೂರೂವರೆ ಆಗಿತ್ತು, ಯುರೋಪಿಗೆ ಬೆಳಗು. ಬ್ಯಾಟರಿ ಜೋಡಿಸಿದೆ. ಹೆಡ್‌ಫೋನ್ ಅವಳಿಗೆ ಕೊಟ್ಟೆ. ಮೊದಲು ಏನೂ ಇಲ್ಲ ಅಂದಳು. ಗುಂಡಿಯನ್ನು ಮೆಲ್ಲಗೆ ತಿರುಗಿಸು ಅಂದೆ. ತಿರುಗಿಸುತ್ತಾ ಹೋದಳು, ಒಂದು ಕಡೆ ನಿಂತಳು. ಕೈ ಎತ್ತಿ ಎಲ್ಲರಿಗೂ ಸುಮ್ಮನಿರಿ ಅಂತ ಸನ್ನೆ ಮಾಡಿದಳು.